ಮೈದುನನ ಗಿಟಾರ್, ನನ್ನ ಸುಳ್ಳು

ನಾನು ಎರಡನೇ ಇಯತ್ತೆಗೇ ಶಾಲೆ ಬಿಟ್ಟವಳು. ಆದರೆ ಸಂಬಂಧ ಕುದುರಿಸುವುದರಲ್ಲಿ ನಮ್ಮ ಇಡೀ ಹೊರ್ತಿ ಊರಿನಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಹಾಗೆಂದು ನಾನೇ ತಿಳಿದಿದ್ದೆ!

ಗೋವಾ ನಮ್ಮ ದೇಶಕ್ಕೆ ಸೇರಿದ ಹೊಸತು. ಗಿರಣಿ ಕೆಲಸಕ್ಕೆಂದು ಮುಂಬೈಗೆ ಹೋದ ಮೈದುನ ಚನ್ನಪ್ಪ, ಗೋವೆಯ ಗೆಳೆಯನಿಂದ ಗಿಟಾರ್ ಕಲಿತು, ಹೋಟೆಲೊಂದರಲ್ಲಿ ರಾಕ್ ಅಂಡ್ ರೋಲ್ ಬಾರಿಸುತ್ತಿದ್ದ. ಇವನು ಬಾರಿಸಬೇಕು, ಉಂಡವರು ಕುಣಿಯಬೇಕು. ಇದೂ ಒಂದು ನೌಕರಿ! ಸಂಗತಿ ತಿಳಿದು ಮೂರು ಊರಿನವರು ಕನ್ಯೆ ಕೊಡಲಿಲ್ಲ. ಆಲಮೇಲ ಊರಿನ ಸಂಬಂಧ ನಾಲ್ಕನೆಯದು. ಇದೂ ತಪ್ಪಿದರೆ ಮದುವೆಯೇ ಬೇಡವೆಂದು ಅವನು ಹಟ ಹಿಡಿದಿದ್ದ.

"ನೀ ಬಾಯಿ ಬಿಡಬ್ಯಾಡ. ಮಾತಾಡಾಕ ನಾ ಅದೇನಿ," ಎಂದು ಹೇಳಿ, ಗಿಟಾರ್ ಹೆಗಲಿಗೇರಿಸಿದ ಅವನನ್ನು ಆಲಮೇಲಕ್ಕೆ ಕರೆದೊಯ್ದೆ.

ಹುಡುಗಿಯ ತಂದೆ ಸಿದ್ರಾಮಪ್ಪ ಭಾರಿ ದೈವಭಕ್ತರು. ಚಹಾ ಕೊಟ್ಟು ಕೇಳಿದರು: "ಹುಡುಗ ಏನ್ ಮಾಡ್ತಾನ್ರಿ?"

"ಭಜನಿ ಮಾಡ್ತಾನ್ರಿ. ಮುಂಬೈ ಮಂದಿ ಮುಗಿಬೀಳ್ತಾರ!"

"ಹಂಗಿದ್ರ ಒಂದು ಆಗ್ಲಿ."

"ವೈನಿ, ನನಗ ಭಜನಿ ಒಂದೂ ಬರಂಗಿಲ್ರಿ," ಎಂದು ಚನ್ನಪ್ಪ ಪಿಸುಗುಟ್ಟಿದ.

"ಬರೋದು ಬಾರಿಸು. ಕಣ್ ಮುಚ್ಕೋ, ಭಕ್ತಿ ಅನಿಸ್ತೈತಿ."

ಮೊದಮೊದಲು ಭಕ್ತಿಯೇ ಇತ್ತು. ಆಮೇಲೆ ಕಾಲು ನಡುಗಿತು. ನಡುಕ ಸೊಂಟಕ್ಕೇರಿತು. ಕೂದಲು ಹಣೆಗೆ ಬಿತ್ತು. ಒಂಟಿಗಾಲಲ್ಲಿ ಕುಪ್ಪಳಿಸಿ "ಹೋ!" ಎಂದು ಒದರಿದ.

"ಇದೇನ್ರೀ ಇದು?" ಸಿದ್ರಾಮಪ್ಪ ಎದ್ದು ನಿಂತರು.

"ಮೈಯಾಗ ದೇವರು ಬಂದೈತ್ರಿ!" ಎಂದುಬಿಟ್ಟೆ. ಸುಳ್ಳಿಗೆ ಸುಳ್ಳು ಜೋಡಿಸುವಾಗ ನಾನು ತಡ ಮಾಡುವವಳಲ್ಲ.

ಮನೆಮಂದಿಯೆಲ್ಲ ಅಡ್ಡಬಿದ್ದರು. ಲಿಂಬೆಹಣ್ಣು ನಿವಾಳಿಸಿದರು. ಮುಖಕ್ಕೆ ಮುಷ್ಟಿಗಟ್ಟಲೆ ಭಂಡಾರ ಎರಚಿದರು.

"ತಂದೀ, ನಮ್ಮ ಎಮ್ಮಿ ಈಯ್ತೈತೇನು?" ಸಿದ್ರಾಮಪ್ಪ ಕೈಮುಗಿದು ಕೇಳಿದರು.

ಭಂಡಾರದ ಅರಿಶಿನ ಕಣ್ಣಿಗೆ ಹೋಗಿ ಚನ್ನಪ್ಪ ಜೋರಾಗಿ ತಲೆ ಕೊಡವಿದ.

"ಅಯ್ಯಯ್ಯ, ಈಯಂಗಿಲ್ಲಂತ!" ಎಂದು ಆ ಮನೆಯ ಮುದುಕಿ ಅಳತೊಡಗಿದಳು.

ಸಿದ್ರಾಮಪ್ಪ ನನ್ನತ್ತ ತಿರುಗಿದರು. "ಅಕ್ಕಾರ, ದೇವರು ಬರೋ ಮನಿಯಾಗ ಮಡಿ ಭಾಳ. ನಮ್ಮ ಹುಡುಗಿಗಿ ನೀಗಂಗಿಲ್ರಿ. ಕನ್ಯಾ ಕೊಡಂಗಿಲ್ಲ."

ಚನ್ನಪ್ಪ ಕೆಂಗಣ್ಣಿನಿಂದ ನೋಡಿದ. ಆ ನೋಟಕ್ಕೆ ನನ್ನ ಬಾಯಿಂದ ಅಂದಿನ ಮೊದಲ ಖರೆ ಮಾತು ಬಿತ್ತು. "ದೇವರಿಲ್ಲ ಏನಿಲ್ರಿ! ಹೋಟೆಲ್‌ನ್ಯಾಗ ಬಾರಿಸೋ ಹುಡುಗ. ಸುಳ್ಳೆಲ್ಲಾ ನಂದು."

ಅಷ್ಟರಲ್ಲಿ ಹುಡುಗಿ ಗೌರಾ ನೀರಿನ ತಂಬಿಗೆ ಹಿಡಿದು ಹೊರಬಂದಳು.

"ಅಪ್ಪಾ, ನನಗ ಆಗಲೇ ಗೊತ್ತಾತು. ದೇವರು ಬಂದವರು ಇಷ್ಟು ತಾಳ ಹಿಡಿದು ಕುಪ್ಪಳಸ್ತಾರೇನು? ಇವರಿಗೇ ಕೊಡ್ರಿ ನನ್ನ. ಮೊದಲ ಕಣ್ಣು ತೊಳಕೊಳ್ಳಲಿ, ಪಾಪ."

ಸಿದ್ರಾಮಪ್ಪ ಮಗಳನ್ನು ನೋಡಿದರು, ಗಿಟಾರ್ ನೋಡಿದರು, ಕಡೆಗೆ ನನ್ನನ್ನು ನೋಡಿದರು.

"ಆತು, ಕೊಡ್ತೇನಿ. ಆದ್ರ ತಮ್ಮಾ, ಇನ್ನ ಮಾತುಕತಿಗಿ ಈ ಅಕ್ಕಾರನ್ನ ಕರಕೊಂಡು ಬರಬ್ಯಾಡಪಾ!"

ಮದುವೆ ಚೆನ್ನಾಗಿ ಆಯಿತು. ಮುಂಬೈಯಲ್ಲಿ ಅವನು ಬಹಳ ವರ್ಷ ಬಾರಿಸಿದ. ಇವಳು ಮುಂದಿನ ಕುರ್ಚಿಯಲ್ಲಿ ಕೂತು ಕೇಳಿದಳು. ಇನ್ನೇನು ಬೇಕು?

ನನಗೆ ಮಾತ್ರ ಆ ಮದುವೆಯಲ್ಲಿ ಬಾಯಿಯ ಅವಶ್ಯಕತೆ ಇಲ್ಲದ ಕೆಲಸ ಕೊಟ್ಟಿದ್ದರು: ಹಂದರದ ಹೊರಗೆ ಕೂತು ಚಪ್ಪಲಿ ಕಾಯುವುದು. ಎರಡು ಜೊತೆ ಕಳೆದವು. ಒಂದು ನನ್ನದೇ!