ಪಾರ್ಕಿನಲ್ಲಿ "ಚಾ ಆಂಡಾ?"

ನನಗೆ ಸೂಜಿಯೆಂದರೆ ಹೆದರಿಕೆ. ಆದ್ದರಿಂದ "ಮೂರು ತಿಂಗಳಲ್ಲಿ ಶುಗರ್ ಇಳಿಯದಿದ್ದರೆ ಇನ್ಸುಲಿನ್ ಇಂಜೆಕ್ಷನ್ನೇ ಗತಿ" ಎಂದು ಡಾಕ್ಟರು ಹೇಳಿದ ಮರುದಿನವೇ, ಬೆಳಿಗ್ಗೆ ಆರಕ್ಕೆ, ಹೊಸ ಶೂ ಹಾಕಿಕೊಂಡು ಮಂಗಳೂರಿನ ಉರ್ವದ ನಮ್ಮ ಮನೆ ಹತ್ತಿರದ ಪಾರ್ಕಿಗೆ ಹೊರಟೆ. ಪಣಂಬೂರು ಬಂದರಿನಲ್ಲಿ ಮೂವತ್ತು ವರ್ಷ ಲಾರಿಗಳ ತೂಕ ನೋಡಿ ನಿವೃತ್ತನಾದವನು ನಾನು. ಒಂದು ಕಿಲೋ ಹೆಚ್ಚು ಬರೆದವನಲ್ಲ, ಕಡಿಮೆ ಬರೆದವನೂ ಅಲ್ಲ. ಅಂಥವನಿಗೆ ಸ್ವಂತ ಹೊಟ್ಟೆ ಇಳಿಸುವುದು ಯಾವ ಮಹಾ ಕೆಲಸ?

"ವಾಕಿಂಗ್ ಮುಗಿಸಿ ಬಂದ ಮೇಲೆಯೇ ಚಾ. ಅದೂ ಸಕ್ಕರೆ ಇಲ್ಲದ್ದು" ಎಂದಳು ಹೆಂಡತಿ ಶಶಿಕಲಾ.

ಪಾರ್ಕಿನ ಬಾಗಿಲಲ್ಲೇ ಬೋರ್ಡು. ಹುಲ್ಲಿನ ಮೇಲೆ ನಡೆಯಬಾರದು, ಹೂ ಕೊಯ್ಯಬಾರದು, ಚೆಂಡಾಟ ಆಡಬಾರದು. ಎದುರಿನ ಹೋಟೆಲಿಗೆ ಹೋಗಿ ಎಣ್ಣೆಯಲ್ಲಿ ಕರಿದ ಗೋಳಿಬಜೆ ತಿನ್ನಬಾರದು ಎಂದು ಮಾತ್ರ ಎಲ್ಲೂ ಬರೆದಿರಲಿಲ್ಲ.

ಮೊದಲ ಸುತ್ತಿನಲ್ಲೇ ಹಳೆಯ ಸಹೋದ್ಯೋಗಿ ವಸಂತಣ್ಣ ಎದುರಾದರು. "ಚಾ ಆಂಡಾ?" ಎಂದರು.

ಚಾ ಆಯಿತಾ ಎಂದು ಕೇಳುವುದು ನಮ್ಮ ತುಳುವರ ನಮಸ್ಕಾರ. ಕುಡಿದಿರಲಿ ಬಿಟ್ಟಿರಲಿ, "ಆಂಡ್", ಅಂದರೆ ಆಯಿತು, ಎಂದು ಮುಂದೆ ಹೋಗಬೇಕು. ನನಗದು ಗೊತ್ತಿಲ್ಲವೆಂದಲ್ಲ. ಆದರೆ ತೂಕದ ಮನುಷ್ಯ ಸುಳ್ಳು ಹೇಳುವುದು ಹೇಗೆ?

"ಆತ್‌ಜಿ" ಎಂದೆ. ಆಗಿಲ್ಲ ಎಂದು.

"ಆಗಿಲ್ವಾ? ಎಂತ ಮಾರಾಯ್ರೆ, ಬನ್ನಿ, ಹೋಗುವ."

ಗೋಳಿಬಜೆ ಬಿಸಿಯಾಗಿತ್ತು. ಮರುದಿನ ಇನ್ನೊಬ್ಬರು ಕೇಳಿದರು. ಸತ್ಯ ನುಡಿದೆ. ಬಾಳೆಹಣ್ಣಿನ ಸಿಹಿ ಬನ್ಸ್ ಬಂತು. ತಿಂಗಳು ಕಳೆಯುವಷ್ಟರಲ್ಲಿ, ಯಾರಾದರೂ ಕೇಳದೆ ಹೋದರೆ ನಾನೇ ಅಡ್ಡ ಹೋಗಿ ನಿಲ್ಲತೊಡಗಿದೆ. ಹತ್ತು ಸುತ್ತು ನಡೆಯುತ್ತೇನೆಂದು ಹೊರಟವನು ಎರಡಕ್ಕೆ ಇಳಿದೆ. ಬೆಲ್ಟು ಕೊನೆಯ ತೂತಿಗೆ ಬಂತು.

"ಹೊಟ್ಟೆ ಜಾಸ್ತಿ ಆದ ಹಾಗೆ ಕಾಣ್ತದಲ್ಲ?" ಎಂದಳು ಶಶಿ.

"ಅದು ಮಸಲ್" ಎಂದೆ. ಹೆಂಡತಿಗೆ ಹೇಳಿದ್ದು ತೂಕದ ಪುಸ್ತಕಕ್ಕೆ ಸೇರುವುದಿಲ್ಲ.

ಡಾಕ್ಟರ ಗಡುವಿಗೆ ಒಂದು ವಾರ ಉಳಿದಿರುವಾಗ ನಾನು ಮೊಬೈಲು ಮನೆಯಲ್ಲೇ ಬಿಟ್ಟು ಹೋದೆ. ಅದನ್ನು ಕೊಡಲು ಶಶಿ ಪಾರ್ಕಿಗೆ ಬಂದಳು. ನನ್ನನ್ನು ಅಲ್ಲಿ ಕಾಣದೆ, ಎದುರಿನ ಹೋಟೆಲಿನಲ್ಲಿ ಕಂಡಳು. ನನ್ನ ಬಾಯಿ ತುಂಬಿದ್ದರಿಂದ ವಸಂತಣ್ಣನೇ ಸಮಜಾಯಿಷಿ ಕೊಟ್ಟರು.

"ಇವರಿಗೆ ಮನೆಯಲ್ಲಿ ಚಾ ಸಿಗುದಿಲ್ಲ ಅಲ್ವಾ ಅಕ್ಕ, ಪಾಪ. ದಿನಾ ನಾವೇ ಕುಡಿಸುದು."

ಶಶಿ ಮನೆಗೆ ಬರುವವರೆಗೂ ಮಾತಾಡಲಿಲ್ಲ. ಬಂದ ಮೇಲೆ ನಿಲ್ಲಿಸಲಿಲ್ಲ. "ಗಂಡನಿಗೆ ಚಾ ಕೊಡದವಳು ಅಂತ ಇಡೀ ಉರ್ವದಲ್ಲಿ ನನ್ನ ಮರ್ಯಾದೆ ತೆಗೆದ್ರಲ್ಲ. ಇನ್ನು ಯಾರು ಕೇಳಿದ್ರೂ ಆಂಡ್ ಅಂತಲೇ ಹೇಳ್ಬೇಕು, ಗೊತ್ತಾಯ್ತಾ?"

ಗೊತ್ತಾಯಿತು. ವಾರವಿಡೀ ಕೇಳಿದವರಿಗೆಲ್ಲ "ಆಂಡ್" ಎಂದೆ. ನಾಲಿಗೆ ಚೆನ್ನಾಗಿ ಪಳಗಿತು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಲ್ಯಾಬಿಗೆ ಹೋದಾಗ ಅಲ್ಲಿನ ಹುಡುಗಿ ನಗುತ್ತಾ, "ಅಂಕಲ್, ಚಾ ಆಂಡಾ?" ಎಂದಳು.

"ಆಂಡ್!"

"ಹಾಗಾದ್ರೆ ಇವತ್ತು ಆಗುದಿಲ್ಲ. ನಾಳೆ ಬನ್ನಿ."

ಕುಡಿದಿಲ್ಲವೆಂದು ಆಣೆ ಹಾಕಿದರೂ ನಂಬಲಿಲ್ಲ. ಪಕ್ಕದಲ್ಲಿದ್ದ ಶಶಿ ಹಣೆ ಚಚ್ಚಿಕೊಂಡಳು. ಮರುದಿನ ರಕ್ತ ಕೊಟ್ಟೆ. ರಿಪೋರ್ಟು ಗೋಳಿಬಜೆಯನ್ನಾಗಲಿ ಬನ್ಸನ್ನಾಗಲಿ ಮರೆತಿರಲಿಲ್ಲ. ಡಾಕ್ಟರು ತಲೆ ಎತ್ತದೆ ಇನ್ಸುಲಿನ್ ಬರೆದರು.

ಈಗ ದಿನಾ ಬೆಳಿಗ್ಗೆ ಸೂಜಿ ಚುಚ್ಚಿದ ಮೇಲೆಯೇ ಚಾ, ತಿಂಡಿ. ಶಶಿ ಸಿರಿಂಜು ಹಿಡಿದು ಎದುರು ನಿಂತು, "ಚಾ ಆಂಡಾ?" ಎಂದು ಕೇಳುತ್ತಾಳೆ. ನಾನು "ಆತ್‌ಜಿ" ಎಂಬ ಸತ್ಯ ನುಡಿದು, ಕಣ್ಣು ಮುಚ್ಚಿ, ಅಂಗಿ ಎತ್ತುತ್ತೇನೆ. ಚುಚ್ಚಲು ಜಾಗಕ್ಕೆ ಏನೂ ಕೊರತೆಯಿಲ್ಲ.