ಆಯಿಯ ಮಿಶ್ರಿ ಡಬ್ಬಿ

ಹುಡುಗರಿಗೆ ಬುದ್ಧಿ ಹೇಳಾಕ ಹೋದವರು ತಾವೇ ಪೆದ್ದಾಗಿ ಬರೂದು ಹೊಸಾದೇನಲ್ಲ ಬಿಡ್ರಿ. ನನಗಂತೂ ವಾರಕ್ಕೊಮ್ಮೆ ಆಗತದ. ಪುಣೆದಾಗ ನಮ್ಮ ಕಲಬುರಗಿ, ಯಾದಗಿರಿ ಕಡೆ ಮಂದಿ ಕಟ್ಟಡ ಕೆಲಸ ಮಾಡ್ಕೊಂಡು ಶೆಡ್ಡಿನ ಸಾಲಿನ್ಯಾಗ ಇರ್ತಾರ. ಅಲ್ಲಿಗೆ ನಾನು ಒಂದು ಸಂಸ್ಥೆ ಕಡಿಂದ ಟ್ಯಾಬ್ ತಗೊಂಡು ಹೋಗಿ ಹುಡುಗರಿಗೆ ಒಂದು ಆಟ ಆಡಸ್ತೀನಿ. ಆಟದಾಗ ಯಾರಾರ ಬಂದು ತಂಬಾಕು ಕೊಡ್ತಾರ. ಆಡೋರು ಮೊದಲು ‘ಬ್ಯಾಡ’ ಅನ್ನಬೇಕು, ಆಮ್ಯಾಲ ಕಾರಣ ಹೇಳಬೇಕು, ಕಡೀಗೆ ಜಾಗಾ ಬಿಟ್ಟು ಹೋಗಬೇಕು. ಮೂರೂ ಮಾಡಿದ್ರ ಗೆದ್ದಂಗ.

ಅಲ್ಲೊಬ್ಬ ಏಳನೇ ಕ್ಲಾಸಿನ ಹುಡುಗಿ. ಅಕಿ ಆಯಿ, ಅಂದ್ರ ಅಜ್ಜಿ, ತಂಬಾಕನ್ನ ಹಂಚಿನ ಮ್ಯಾಲ ಸುಟ್ಟು ಪುಡಿ ಮಾಡಿ, ಆ ಮಿಶ್ರೀಲೆ ದಿನಾ ಹಲ್ಲು ತಿಕ್ಕತಾಳ. ಮೊಮ್ಮಗಳಿಗೂ ಒಂದೊಂದು ಚಿಟಿಕೆ ಕೊಡಾಕತ್ತಾಳ ಅಂತ ಗೊತ್ತಾತು. ಯಾರು ಗೆಲ್ಲಲಿ, ಸೋಲಲಿ, ಈ ಹುಡುಗಿ ಒಂದು ಸಲ ‘ಬ್ಯಾಡ’ ಅಂದ್ರ ಸಾಕಪ್ಪಾ ಅಂದ್ಕೊಂಡೆ.

ಮೀಸಿ ಮಾಮಾ

ಮೊದಲ ದಿನ ಆಟದಾಗ ದಪ್ಪ ಮೀಸಿ ಮಾಮಾ ಬಂದು ತಂಬಾಕು ಚಾಚಿದ. ಹುಡುಗಿ ‘ಕೊಡ್ರಿ’ ಬಟನ್ ಒತ್ತಿದಳು. ಉಳಿದ ಹುಡುಗರೂ ಅದನ್ನೇ ಒತ್ತಿದ್ರು.

“ಯಾಕವಾ, ಬ್ಯಾಡ ಅನ್ನು ಅಂತ ಹೇಳಿದ್ನಲ್ಲ?”

“ದೊಡ್ಡವರು ಕೊಟ್ಟಿದ್ದು ಬ್ಯಾಡ ಅಂದ್ರ ಅವ್ವ ಬೈತಾಳ್ರಿ ಟೀಚರ್. ಇಸ್ಕೊಂಡು ಆಮ್ಯಾಲ ಒಗೀತೀನಿ.”

ಪುಣೆ ಶಿವಾಜಿನಗರದಾಗಿನ ನಮ್ಮ ಆಫೀಸಿಗೆ ಬಂದು, ಆಟ ಮಾಡಿದ ಬೆಂಗಳೂರು ಹುಡುಗನಿಗೆ ಹೇಳಿದೆ. “ಓಹ್, ‘ಬೇಡ’ ಬಟನ್ ಕಾಣಿಸ್ತಿಲ್ವಾ ಮೇಡಂ? ದೊಡ್ಡದು ಮಾಡ್ಲಾ?” ಅಂದ.

“ಬಟನ್ ಇದ್ದಂಗ ಇರಲಿ ತಮ್ಮಾ, ಮಾಮಾನ್ನ ಸಣ್ಣವ ಮಾಡು!”

ಮಾಡಿದ. ಮೀಸಿ ಹೋಗಿ, ಮಾಮಾ ಹತ್ತು ವರ್ಷದ ಪೋರ ಆದ. ಮರುದಿನ ಅವ ಬಂದು ತಂಬಾಕು ಚಾಚಿದ್ದೇ ತಡ, ಹುಡುಗಿ ಟ್ಯಾಬ್ ತುಂಬ ಹುಡುಕಿ ಕೇಳಿದಳು, “ಟೀಚರ್, ಕಪಾಳಕ್ಕ ಹೊಡಿಯೋ ಬಟನ್ ಎಲ್ಲದ್ರಿ?”

ಪುಂಡಿ ಪಲ್ಯ

ಅಂತೂ ಬ್ಯಾಡ ಅನ್ನೂದು ಕಲತಳು. ಒಂದು ವಾರಕ್ಕ ಅಕಿ ಅವ್ವ ನನ್ನ ದಾರಿಯಾಗೇ ತಡದಳು.

“ಏನು ಕಲಿಸೀರಿ ನೀವು? ಪುಂಡಿ ಪಲ್ಯ ಹಾಕಿದ್ರ ‘ಬ್ಯಾಡ. ಹುಳಿ ಭಾಳ ಅದ. ನಾ ಹೋಗ್ತೀನಿ’ ಅಂದು ಎದ್ದು ಬಾಜೂಕಿನ ಶೆಡ್ಡಿಗೆ ಹೋಗಿ ಉಂಡಾಳ!”

“ಅಯ್ಯ, ಅಲ್ಲೇನು ಮಾಡಿದ್ರು?”

“ಅಲ್ಲೂ ಪುಂಡಿ ಪಲ್ಯಾನೇ ರೀ!”

ನಗು ತಡಕೊಂಡು, ಮಿಶ್ರಿ ಸುದ್ದಿ ಕೇಳಿದೆ. ಅವ್ವನ ಮಾರಿ ಸಣ್ಣದಾತು. “ಅದೊಂದಕ್ಕ ಇನ್ನೂ ಒಲ್ಲೆ ಅಂದಿಲ್ರಿ. ಆಯಿ ಅಂದ್ರ ಅಕಿಗಿ ಜೀವ.”

ಆಯಿಯ ಪಾಳಿ

ಹಿಂಗಾದ ಮ್ಯಾಲ ಮನಿಯಾಗ ಕೂಡಾಕ ಆಗಲಿಲ್ಲ. ಐತವಾರ ಮುಂಜಾನೆನೇ ಹೋದೆ. ಆಯಿ ಹೊರಗ ಕುಂತು ಹಲ್ಲು ತಿಕ್ಕಾಕತ್ತಿದ್ದಳು. ಮಿಶ್ರಿ ಡಬ್ಬಿ ತಗದು ಮೊಮ್ಮಗಳ ಮುಂದ ಹಿಡದಳು. ಹುಡುಗಿ ನನ್ನ ನೋಡಿದಳು, ಆಯೀನ್ನ ನೋಡಿದಳು.

“ಬ್ಯಾಡಬೇ ಆಯಿ.”

“ಯಾಕ?”

“ಬಾಯಾಗ ಹುಣ್ಣಾಗತಾವ. ಆಮ್ಯಾಲ ಬಿಡಾಕ ಬರೂದಿಲ್ಲ.” ಅಂದವಳೇ ಎದ್ದು ನಳದ ಹತ್ರ ಹೋಗಿ ನಿಂತಳು.

ನನ್ನ ಕಣ್ಣಾಗ ನೀರು ಬಂತು. ಇನ್ನ ಮುದುಕಿ ನನಗ ಬೈತಾಳ ಅಂತ ತಯಾರಾಗೇ ನಿಂತೆ. ಆದ್ರ ದಿನಾ ಹುಡುಗರ ಹಿಂದ ಕುಂತು ಆಟ ನೋಡಿ ನೋಡಿ ಆಯಿಗೂ ಅದರ ಹುಚ್ಚು ಹಿಡದಿತ್ತು. ತೊಡಿ ತಟ್ಟಿ ಕೂಗಿದಳು, “ಗೆದ್ದಳ ನೋಡ್ರೆ ನನ್ನ ಮೊಮ್ಮಗಳು!” ಬಾಜೂಕಿನ ಮರಾಠಿ ಮಂದೀಗೂ ತಿಳೀಲಿ ಅಂತ ಅದನ್ನೇ ಅವರ ಭಾಷೆಯಾಗ “ಬಘಾ, ಬಘಾ, ಜಿಂಕಲಿ!” ಅಂತನೂ ಒದರಿದಳು.

ಅಷ್ಟಕ್ಕ ಬಿಟ್ಟಳೇನು? ಡಬ್ಬಿ ಹಿಡಕೊಂಡು ಶೆಡ್ಡ ಶೆಡ್ಡ ತಿರುಗಿ, ಹುಡುಗರನ್ನೆಲ್ಲಾ ಎಬ್ಬಿಸಿ ಮಿಶ್ರಿ ಚಾಚಿದಳು. ಕಣ್ಣು ತಿಕ್ಕೋತ ಎದ್ದ ಹುಡುಗರೆಲ್ಲಾ ಬ್ಯಾಡ ಅಂದು, ಕಾರಣ ಹೇಳಿ, ಓಡಿದ್ರು. ತಂಬಾಕು ಬಿಡಸಾಕ ಬಂದ ನಾನು, ತಂಬಾಕು ಹಂಚೋ ಮುದುಕಿ ಹಿಂದ ಚಪ್ಪಾಳೆ ತಟ್ಟಿಕೋತ ತಿರುಗಿದೆ!

ಕಡೀಗೆ ಮೊಮ್ಮಗಳು ಡಬ್ಬಿ ಕಸಗೊಂಡು ಆಯಿ ಮುಂದೇ ಹಿಡದಳು. “ಈಗ ನಿನ್ನ ಪಾಳಿ. ತಗೋ.”

ಇಡೀ ಸಾಲು ಬಂದು ಸುತ್ತ ನಿಂತಿತು. ಆಯಿ ಸೆರಗು ಬಿಗಿದು, ಎದಿ ಸೆಟಿಸಿ, “ಬ್ಯಾಡ!” ಅಂದಳು. ಹುಡುಗರು ಹೋ ಅಂತ ಕುಣಿದ್ರು.

“ಕಾರಣ ಹೇಳಬೇ ಆಯಿ!”

“ಈಗರೆ ತಿಕ್ಕೊಂಡೀನಲ್ಲವಾ!” ಅಂದು, ಮೂರನೇ ನಿಯಮದಂಗ ಜಾಗಾ ಬಿಟ್ಟು, ಉಗುಳಾಕ ಹೋದಳು.