ಕಪ್ಪೆಲೆಯ ಗಿಡವೂ ಪೈಪಿನ ಅಂಗಡಿಯೂ

ದಿನಕ್ಕೆ ಒಂದಾದರೂ ತಮಾಷೆ ನಡೆಯದೆ ನಮ್ಮ ಅಂಗಡಿಯ ಶಟರ್ ಕೆಳಗೆ ಇಳಿದದ್ದೇ ಇಲ್ಲ. ಅಂಗಡಿ ಇರುವುದು ಗುರುವಾಯನಕೆರೆಯಲ್ಲಿ, ಬಸ್ಸು ನಿಲ್ಲುವಲ್ಲಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಒಳಗೆ ಬಂದರೆ ಬಲಕ್ಕೆ ನಮ್ಮವರ, ಎಂದರೆ ನನ್ನ ಗಂಡನ, ಹಾರ್ಡ್‌ವೇರ್: ಪೈಪು, ನಲ್ಲಿ, ಪೇಂಟು, ಮೊಳೆ. ಎಡಕ್ಕೆ ನನ್ನ ಗಿಡಗಳು. ಎಲ್ಲವೂ ಮನೆಯ ಒಳಗೆ, ಹಾಲ್‌ನ ಮೂಲೆಯಲ್ಲೋ ಟಿವಿ ಪಕ್ಕದಲ್ಲೋ ಇಡುವಂಥವು. ಅದರಲ್ಲೂ ಎಲೆ ಕಪ್ಪಾಗಿರುವವು. ಕಪ್ಪು ಎಂದರೆ ಕೆಲವು ಕಡು ನೇರಳೆ, ಕೆಲವು ಬದನೆಕಾಯಿ ಬಣ್ಣ, ಕೆಲವು ನಿಜಕ್ಕೂ ಕಾಡಿಗೆ.

ಅವುಗಳ ಮೇಲೆ ನನಗೆ ಒಂದು ಹುಚ್ಚು. ಬಿಳಿ ಗೋಡೆಯ ಎದುರು ಕಪ್ಪೆಲೆಯ ರಬ್ಬರ್ ಗಿಡ ಒಂದನ್ನು ಇಟ್ಟು ನೋಡಿ, ಇಡೀ ಕೋಣೆ ಬೆನ್ನು ನೇರ ಮಾಡಿ ಕೂತ ಹಾಗೆ ಕಾಣುತ್ತದೆ. ಆದರೆ ನಮ್ಮ ಕಡೆಯವರಿಗೆ ಗಿಡ ಎಂದರೆ ಹಸಿರು. ವ್ಯಾನಿನಿಂದ ಇಳಿಸುವಾಗಲೇ ನಮ್ಮವರು, "ಇದೆಂತ ಮಾರಾಯ್ತಿ, ಬರುವ ದಾರಿಯಲ್ಲಿ ವ್ಯಾನಿಗೆ ಬೆಂಕಿ ಬಿದ್ದಿತ್ತಾ?" ಎಂದು ಕೇಳಿದರು. ಅಷ್ಟಕ್ಕೇ ಬಿಡಲಿಲ್ಲ. ಒಂದು ಕರಾರನ್ನೂ ಹಾಕಿದರು.

"ಆಟಿ ಮುಗಿಯುವುದರೊಳಗೆ ಈ ಕಪ್ಪು ಸೈನ್ಯ ಖಾಲಿ ಆಗ್ಬೇಕು. ಇಲ್ಲದಿದ್ದರೆ ಆ ಬದಿಯಲ್ಲೂ ನಾನು ಪೈಪು ನಿಲ್ಲಿಸ್ತೇನೆ."

ಆಟಿ ಎಂದರೆ ನಮ್ಮ ತುಳುವರ ಜೋರು ಮಳೆಯ ತಿಂಗಳು. ಆಗಿನ್ನೂ ಬೇಸಿಗೆ. ನಾನು ಧೈರ್ಯವಾಗಿ ಹೂಂ ಎಂದುಬಿಟ್ಟೆ. ಒಳಗೊಳಗೆ ಮಾತ್ರ ಹೆದರಿಕೆ. ಮದುವೆಯಾಗಿ ಈ ಮನೆಗೆ ಬಂದ ಮೇಲೆ ನನ್ನದು ಎಂದು ಹೇಳಿಕೊಳ್ಳಲು ಸಿಕ್ಕಿದ ಜಾಗ ಆ ಎಡಬದಿ ಒಂದೇ. ಅದನ್ನು ಪೈಪಿಗೆ ಬಿಟ್ಟುಕೊಡುವ ಮನಸ್ಸು ನನಗೆ ಸುತರಾಂ ಇರಲಿಲ್ಲ.

ಬಣ್ಣ ಬಿಟ್ಟ ಗಿಡ

ಮೊದಲ ಗಿರಾಕಿ ಬಂಟ್ವಾಳದ ಒಬ್ಬರು ನಿವೃತ್ತ ಬ್ಯಾಂಕ್ ಮ್ಯಾನೇಜರು. ಮಗಳು ಕಳಿಸಿದ ಫೋಟೋವನ್ನು ಮೊಬೈಲ್‌ನಲ್ಲಿ ತೋರಿಸಿ, ಇಂಥದ್ದೇ ಬೇಕು ಎಂದರು. ಝಡ್‌ಝಡ್ ಎಂದು ಕರೆಯುವ ಗಿಡ; ಎಲೆ ದಪ್ಪ, ಹೊಳಪು, ಮಸಿಯಷ್ಟು ಕಪ್ಪು. ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಕಟ್ಟಿ ಕೊಂಡುಹೋದರು. ಕೆಲವು ವಾರ ಕಳೆದ ಮೇಲೆ ಫೋನು ಬಂತು.

"ನೀವು ಕೊಟ್ಟ ಗಿಡ ಬಣ್ಣ ಬಿಡ್ತಾ ಉಂಟು."

"ಬಣ್ಣ ಬಿಡುವುದಾ? ಹೇಗೆ ಸರ್?"

"ಹೇಗೆ ಅಂತ ನೀವೇ ಬಂದು ನೋಡಿ."

ಹೋಗಿ ನೋಡಿದೆ. ಕಪ್ಪೆಲೆಗಳ ನಡುವಿನಿಂದ ಹೊಸ ಚಿಗುರೊಂದು ಗಿಳಿಹಸಿರಾಗಿ ಎದ್ದು ನಿಂತಿತ್ತು. ಆ ಗಿಡದ ಸ್ವಭಾವವೇ ಹಾಗೆ. ಹೊಸ ಎಲೆ ಹಸಿರಾಗಿ ಹುಟ್ಟಿ, ಬಲಿಯುತ್ತಾ ಕಪ್ಪಾಗುತ್ತದೆ. ಅದನ್ನು ಹೇಳಲು ಬಾಯಿ ತೆರೆದರೆ ಅವರು ಕೈ ಅಡ್ಡ ಹಿಡಿದರು.

"ಒಳಗಿನ ಒರಿಜಿನಲ್ ಬಣ್ಣ ಹೊರಗೆ ಬಂತು, ನೋಡಿ. ಸರ್ವಿಸಿನಲ್ಲಿ ಇರುವಾಗ ನಾನು ಎಷ್ಟು ಖೋಟಾ ನೋಟು ಹಿಡಿದಿದ್ದೇನೆ, ಗೊತ್ತುಂಟಾ? ಗಂಡ ಪೇಂಟ್ ಮಾರುವುದು, ಹೆಂಡತಿ ಕಪ್ಪು ಗಿಡ ಮಾರುವುದು. ನನಗೆ ಆಗಲೇ ಸಂಶಯ ಬರಬೇಕಿತ್ತು."

ಟೀಪಾಯಿಯ ಮೇಲೆ ಹತ್ತಿಯೂ ಥಿನ್ನರ್ ಬಾಟಲಿಯೂ ಇದ್ದವು. ಪೇಂಟ್ ಹೌದೋ ಅಲ್ಲವೋ ಎಂದು ಹಳೆಯ ಎಲೆಯನ್ನು ಉಜ್ಜಿ ನೋಡಿದ್ದರಂತೆ. ಬಾಟಲಿ ನಮ್ಮ ಅಂಗಡಿಯದೇ. ಹತ್ತಿಯನ್ನು ಎತ್ತಿ ನೋಡಿದೆ, ಬೆಳ್ಳಗೇ ಇತ್ತು. ನನಗೆ ಜೀವ ಬಂತು.

"ನೋಡಿ ಸರ್, ಹತ್ತಿಗೆ ಒಂಚೂರೂ ಕಪ್ಪು ಹಿಡಿದಿಲ್ಲವಲ್ಲ!"

"ಅದನ್ನೇ ನಾನು ಕೇಳ್ಬೇಕು ಅಂತ ಇದ್ದೆ," ಎಂದರು ಅವರು ದನಿ ತಗ್ಗಿಸಿ. "ಅದು ಯಾವ ಕಂಪೆನಿಯ ಪೇಂಟು? ನಮ್ಮ ಗೇಟಿಗೆ ಬೇಕಿತ್ತು."

ಎಣ್ಣೆಯ ಮೇಲೆ ಅರಿಶಿನ

ಬೆಳ್ತಂಗಡಿಯ ಒಬ್ಬಳು ಸೊಸೆ ಹೊಸ ಮನೆಯ ಹಾಲ್‌ಗೆಂದು ಕಪ್ಪು ರಬ್ಬರ್ ಗಿಡ ಕೊಂಡಳು. ಕಪ್ಪೆಲೆಯ ಮೇಲೆ ಧೂಳು ಕೂತರೆ ಎದ್ದು ಕಾಣುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು ಎಂದು ಹೇಳಿ ಕಳಿಸಿದ್ದೆ. ಅವಳಿಗೆ ಅಷ್ಟು ಹೊಳಪು ಸಾಲಲಿಲ್ಲ. ದಿನಾ ಬೆಳಿಗ್ಗೆ ಎಲೆಗಳಿಗೆ ತೆಂಗಿನೆಣ್ಣೆ ತಿಕ್ಕಿದಳು.

"ಕೂದಲಿಗೆ ಆಗ್ತದೆ, ಎಲೆಗೆ ಯಾಕೆ ಆಗುವುದಿಲ್ಲ ಅಕ್ಕ?" ಎಂದು ಫೋನಿನಲ್ಲಿ ನನ್ನನ್ನೇ ಕೇಳಿದಳು.

ಎಣ್ಣೆಯ ಪರಿಮಳಕ್ಕೆ ಊರಿನ ಇರುವೆಯೆಲ್ಲಾ ಹಾಲ್‌ಗೆ ಬಂದವು. ಇರುವೆ ಹೋಗಲೆಂದು ಗಿಡದ ಮೇಲೆ ಅರಿಶಿನ ಪುಡಿ ಚೆಲ್ಲಿದಳು. ಎಣ್ಣೆಗೆ ಅರಿಶಿನ ಕಚ್ಚಿಕೊಂಡಿತು. ನಾನು ಹೋಗಿ ನೋಡುವಾಗ ನನ್ನ ಕಪ್ಪು ಸುಂದರಿ ಅರಿಶಿನ ಶಾಸ್ತ್ರಕ್ಕೆ ಕೂತ ಮದುಮಗಳ ಹಾಗೆ ಹಳದಿಯಾಗಿದ್ದಳು. ಹೀಗಿದ್ದರೆ ಎಲೆಗೆ ಉಸಿರಾಡಲಿಕ್ಕೆ ಆಗುವುದಿಲ್ಲ, ಅಂಗಡಿಗೆ ಕೊಂಡುಹೋಗಿ ತೊಳೆದು ತರುತ್ತೇನೆ ಎಂದೆ. ಅವಳು ಗಾಬರಿಯಿಂದ ಒಳಕೋಣೆಯ ಕಡೆ ನೋಡಿದಳು.

"ಮೆಲ್ಲ ಮಾತಾಡಿ ಅಕ್ಕ. ಈಗ ಕೊಂಡುಹೋದರೆ ಆಗುವುದಿಲ್ಲ. ನಮ್ಮ ಅತ್ತೆ ನಿನ್ನೆಯಿಂದ ಅದಕ್ಕೆ ಕೈ ಮುಗಿಯಲಿಕ್ಕೆ ಸುರು ಮಾಡಿದ್ದಾರೆ."

ನೀರು ಹಾಕದೆ ಕೊಳೆತದ್ದು

ಮಳೆ ಹಿಡಿಯಿತು. ಮಾರಾಟವಾದ ಗಿಡಗಳಿಗಿಂತ ದೂರುಗಳೇ ಹೆಚ್ಚು. ನಮ್ಮವರು ಪ್ರತಿ ಸಂಜೆ ಟೇಪು ಹಿಡಿದು ಎಡಬದಿಯ ಗೋಡೆ ಅಳೆಯುವುದನ್ನು ಅಭ್ಯಾಸ ಮಾಡಿಕೊಂಡರು. ಅಳೆದದ್ದನ್ನೇ ಮತ್ತೆ ಅಳೆಯುವುದು. ನನ್ನನ್ನು ಕೆಣಕಲಿಕ್ಕೆ ಎಂದು ಗೊತ್ತಿದ್ದೂ ನನಗೆ ಸಿಟ್ಟು ಬರುತ್ತಿತ್ತು.

ಆಗಲೇ ಮಿಜಾರಿನ ಒಬ್ಬರು ಲೆಕ್ಚರರ್ ಫೋನ್ ಮಾಡಿದರು. ಅವರ ಮನೆಯ ಗಿಡವನ್ನು ಬಾಗಿಲ ಒಳಗಿನ ಮೂಲೆಯಲ್ಲಿ, ಉದ್ದ ಕತ್ತಿನ ಕಪ್ಪು ಕುಂಡದಲ್ಲಿ ನಾನೇ ಇಟ್ಟು ಬಂದಿದ್ದೆ. ಗಿಡ ಬುಡದಿಂದ ಕೊಳೆಯುತ್ತಿದೆ ಎಂದರು.

"ನೀರು ಜಾಸ್ತಿ ಆಗಿದೆ ಸರ್."

"ನೀವು ಹೇಳಿದ ಹಾಗೆ ಹತ್ತು ಹದಿನೈದು ದಿನಕ್ಕೆ ಒಮ್ಮೆ, ಅರ್ಧ ಲೋಟ. ಈಗ ಅದನ್ನೂ ನಿಲ್ಲಿಸಿದ್ದೇನೆ. ಆದರೂ ಮಣ್ಣು ಕೆಸರು."

ಹೋಗಿ ಕೈ ಹಾಕಿದರೆ ಹೌದು, ಗದ್ದೆಯ ಹಾಗೆ ಕೆಸರು. ಗೋಡೆಗೆ ಸೋರಿಕೆ ಇಲ್ಲ, ಮಾಡಿಗೆ ತೂತಿಲ್ಲ. ನಾನು ತಲೆ ಕೆರೆದುಕೊಳ್ಳುತ್ತಾ ಕೂತಿದ್ದಾಗ ಅವರ ಹತ್ತಿರ ಪಾಠಕ್ಕೆ ಬರುವ ಮಕ್ಕಳ ಗುಂಪು ಬಂತು. ಚಪ್ಪಲಿ ಬಿಟ್ಟು ಒಳಗೆ ಬಂದ ಮಕ್ಕಳು ಒಬ್ಬೊಬ್ಬರಾಗಿ ತೊಟ್ಟಿಕ್ಕುವ ಕಪ್ಪು ಕೊಡೆಯನ್ನು ಮಡಚಿ ನನ್ನ ಕುಂಡಕ್ಕೆ ತುರುಕಿ ಮುಂದೆ ಹೋದರು. ಕಪ್ಪು ಕುಂಡ, ಕಪ್ಪು ಎಲೆ, ಕಪ್ಪು ಕೊಡೆ. ಕೊನೆಯ ಕೊಡೆ ಬಿದ್ದ ಮೇಲೆ ಗಿಡ ಯಾವುದು, ಕೊಡೆ ಯಾವುದು ಎಂದು ನನಗೇ ತಿಳಿಯಲಿಲ್ಲ.

ಲೆಕ್ಚರರಿಗೆ ನಾಚಿಕೆಯಾಯಿತು. ಕೊಡೆಗೆ ಬೇರೆ ಸ್ಟ್ಯಾಂಡು ತರಿಸುತ್ತೇನೆ ಎಂದು ಮಾತು ಕೊಟ್ಟರು. ನಾನು ಗಿಡ ಬದಲಿಸಿಕೊಟ್ಟು ಬಂದೆ. ಸ್ವಲ್ಪ ದಿನ ಬಿಟ್ಟು, ಸ್ಟ್ಯಾಂಡು ಬಂತಾ ಎಂದು ವಿಚಾರಿಸಿದೆ.

"ಬಂತು, ಬಂತು. ತುಂಬಾ ಚಂದ ಉಂಟು. ನನ್ನ ಹೆಂಡತಿ ಅದರಲ್ಲಿ ಮನಿಪ್ಲಾಂಟ್ ನೆಟ್ಟಿದ್ದಾಳೆ."

ಆಟಿಯ ಊಟ

ಆಟಿ ಮುಗಿಯುತ್ತಾ ಬಂದಿತ್ತು. ಎಡಬದಿ ಇನ್ನೂ ತುಂಬಿಯೇ ಇತ್ತು. ಕಪ್ಪು ಕೆಸುವಿನ ಕುಂಡಗಳಂತೂ ಒಂದೂ ಅಲುಗಿರಲಿಲ್ಲ. ಅಲಂಕಾರಕ್ಕೆಂದೇ ಬೆಳೆಸಿದ ಕೆಸು ಅದು. ಮೊರದಗಲದ ಎಲೆ, ರೇಷ್ಮೆಯ ಮೈ, ನಡುವೆ ನೇರಳೆ ನರ. ನನ್ನ ಅಂಗಡಿಯಲ್ಲಿ ಅದಕ್ಕಿಂತ ಚಂದದ್ದು ಇನ್ನೊಂದಿಲ್ಲ.

ಅಷ್ಟರಲ್ಲಿ ದೇವರು ಬಂದ ಹಾಗೆ ಮೂಡುಬಿದಿರೆಯ ಒಬ್ಬರು ಮೇಡಂ ಬಂದರು. ದುಬೈಯಿಂದ ಮರಳಿ ಬಂದವರು. ಹಾಲ್‌ನ ಗೋಡೆ, ನೆಲ, ಸೋಫಾ ಎಲ್ಲಾ ಬಿಳಿ ಮಾಡಿಸಿದ್ದರು. ಅವರ ಮಹಿಳಾ ಸಂಘದ ಆಟಿಯ ಕೂಟ ಈ ವರ್ಷ ಅವರ ಮನೆಯಲ್ಲಿ. ಒಬ್ಬೊಬ್ಬರು ಒಂದೊಂದು ಆಟಿಯ ಅಡುಗೆ ಮಾಡಿ ತರುವುದು, ಒಟ್ಟಿಗೆ ಕೂತು ಉಣ್ಣುವುದು.

"ಬಂದವರು ಬಾಗಿಲಲ್ಲೇ ನಿಂತು ನೋಡ್ಬೇಕು, ಹಾಗೆ ಅಲಂಕಾರ ಮಾಡಿ ಕೊಡಿ," ಎಂದರು.

ನನಗೂ ಅದೇ ಬೇಕಿತ್ತು. ಆ ಹೆಂಗಸರ ಕಣ್ಣಿಗೆ ಗಿಡ ಬಿದ್ದರೆ ಎಡಬದಿ ಉಳಿಯಿತು, ಇಲ್ಲದಿದ್ದರೆ ಪೈಪು ಬಂತು. ಹಿಂದಿನ ದಿನವೇ ಹೋಗಿ ಮೂಲೆಗೆ ರಬ್ಬರ್ ಗಿಡ, ಮೆಟ್ಟಿಲಿಗೆ ಝಡ್‌ಝಡ್, ಬಿಳಿ ಗೋಡೆಯ ನಡುಮಧ್ಯಕ್ಕೆ ಕಪ್ಪು ಕೆಸುವಿನ ಕುಂಡಗಳನ್ನು ಸಾಲಾಗಿ ಇಟ್ಟೆ. ಮೇಡಂ ಮೊಬೈಲ್ ತೆಗೆದು ಒಂದೊಂದು ಕುಂಡದ ಫೋಟೋ ಹೊಡೆದರು.

ಮರುದಿನ ಒಳ್ಳೆಯ ಸೀರೆ ಉಟ್ಟು, ನಮ್ಮವರನ್ನೂ ಎಳೆದುಕೊಂಡು ಹೋದೆ. ಹಾಲ್‌ಗೆ ಕಾಲಿಟ್ಟವಳು ಅಲ್ಲೇ ನಿಂತೆ. ಕುಂಡಗಳು ಸಾಲಾಗಿಯೇ ಇದ್ದವು. ಎಲೆ ಮಾತ್ರ ಇರಲಿಲ್ಲ. ಬರೀ ದಂಟು. ಮೇಡಂ ಸೋಫಾದ ತುದಿಯಲ್ಲಿ ಕೂತು ಹಣೆ ಒತ್ತಿಕೊಳ್ಳುತ್ತಿದ್ದರು. ಅವರ ತಾಯಿ ಅಡುಗೆಮನೆಯಿಂದ ಕೈ ಒರೆಸುತ್ತಾ ಹೊರಗೆ ಬಂದರು. ಕೂಟದ ಕೆಲಸಕ್ಕೆಂದು ರಾತ್ರಿ ಬಸ್ಸಿಗೆ ಅಳದಂಗಡಿಯಿಂದ ಬಂದವರು.

"ಪತ್ರೊಡೆಗೆ ಎಲೆ ಸಾಕಾಗ್ಲಿಲ್ಲ," ಎಂದರು ಅವರು ನಿರಾಳವಾಗಿ. "ನೋಡುವಾಗ ಮನೆಯೊಳಗೇ ಎಳತು ಕೆಸು! ಮಳೆಯಲ್ಲಿ ಗುಡ್ಡೆಗೆ ಹೋಗುವುದು ಬೇಡ ಅಂತ ಮಗಳು ಹಾಲ್‌ನಲ್ಲೇ ಬೆಳೆಸಿದ್ದಾಳೆ ಅಂತ ಎಣಿಸಿದೆ. ಬುದ್ಧಿವಂತೆ ಅಂತ ಖುಷಿಯೂ ಆಯ್ತು."

ನನಗೆ ಅಳು ಬಂತು. ಬೇಸಿಗೆಯಿಂದ ಜೋಪಾನ ಮಾಡಿದ ಎಲೆ ಅಕ್ಕಿ ಹಿಟ್ಟು ಸವರಿಸಿಕೊಂಡು ಸುರುಳಿಯಾಗಿ ಹಬೆಯಲ್ಲಿ ಬೇಯುತ್ತಾ ಇತ್ತು. ಔಷಧ ಹೊಡೆದ ಗಿಡವಲ್ಲ, ಅದೊಂದು ಪುಣ್ಯ. ನಮ್ಮವರು ಬೋಳು ದಂಟುಗಳ ಮುಂದೆ ಕೂತು ಕಣ್ಣು ಕಿರಿದು ಮಾಡಿ ನೋಡಿದರು.

"ನೀನು ಬೇಜಾರು ಮಾಡ್ಬೇಡ. ಇದು ಈಗ ಮುಕ್ಕಾಲು ಇಂಚಿನ ಪೈಪಿನ ಹಾಗೆಯೇ ಉಂಟು. ಅಂಗಡಿಯಲ್ಲಿ ಯಾವ ಬದಿಗೂ ಇಡಬಹುದು."

ನಾನು ಅವರ ಜತೆ ಮಾತು ಬಿಟ್ಟೆ.

ಹೆಂಗಸರು ಬಂದರು. ಬಾಗಿಲಲ್ಲಿ ಯಾರೂ ನಿಲ್ಲಲಿಲ್ಲ. ಒಬ್ಬರು ರಬ್ಬರ್ ಗಿಡದ ಕೊಂಬೆಗೆ ವ್ಯಾನಿಟಿ ಬ್ಯಾಗ್ ನೇತು ಹಾಕಿ ಊಟಕ್ಕೆ ನಡೆದರು. ನಾನು ಮೂಲೆಯಲ್ಲಿ ಊಟದ ಬಾಳೆಲೆ ಮುಂದೆ ತಲೆ ತಗ್ಗಿಸಿ ಕೂತಿದ್ದೆ. ಪತ್ರೊಡೆ ಬಡಿಸಿದ ಮೇಲೆ ಹಾಲ್ ಇದ್ದಕ್ಕಿದ್ದಂತೆ ಮೌನವಾಯಿತು. ಸಂಘದ ಹೆಂಗಸರು ಒಟ್ಟಿಗೆ ಸುಮ್ಮನಾದದ್ದು ಅದೇ ಮೊದಲು ಎಂದು ಮೇಡಂ ಆಮೇಲೆ ಹೇಳಿದರು.

"ಇದು ಯಾವ ಕೆಸು? ಬೆಣ್ಣೆಯ ಹಾಗೆ ಉಂಟಲ್ಲ!"

"ಹುಳಿ ಸರಿಯಾಗಿ ಬಿದ್ದಿದೆ, ಗಂಟಲು ಒಂಚೂರೂ ತುರಿಸುವುದಿಲ್ಲ ಮಾರಾಯ್ರೇ!"

ಮೇಡಂನ ತಾಯಿ ಸೌಟನ್ನು ನನ್ನ ಕಡೆ ತೋರಿಸಿದರು. "ಇವಳ ಅಂಗಡಿಯದ್ದು."

ಮರುದಿನ ಶಟರ್ ಎತ್ತುವ ಮೊದಲೇ ಜನ. ಕಪ್ಪು ಕೆಸು ಒಂದೇ ಬೆಳಿಗ್ಗೆಗೆ ಖಾಲಿ. ಹಾಲ್‌ನಲ್ಲಿ ಬೆಳಕು ಎಷ್ಟು ಬೇಕು ಎಂದು ಯಾರೂ ಕೇಳಲಿಲ್ಲ. ಒಂದು ಕುಂಡದಲ್ಲಿ ಎಷ್ಟು ಪತ್ರೊಡೆ ಆಗುತ್ತದೆ ಎಂದು ಕೇಳಿದರು. ನಮ್ಮವರು ಟೇಪನ್ನು ಡ್ರಾಯರಿಗೆ ಹಾಕಿದರು. ನನ್ನನ್ನು ಕೇಳದೆ ಇನ್ನೊಂದು ಲೋಡಿಗೆ ಹೇಳಿದರು. ನನಗೆ ಖುಷಿಯೋ ಖುಷಿ. ಆದರೆ ಉಳಿದ ಗಿಡಗಳು ವಿಷ, ಯಾರಾದರೂ ಒಲೆಗೆ ಇಟ್ಟರೆ ಗತಿಯೇನು? ಪ್ರತಿಯೊಂದಕ್ಕೂ "ನೋಡಲು ಮಾತ್ರ" ಎಂದು ಬೋರ್ಡು ನೇತು ಹಾಕಿದೆ.

ಅವತ್ತು ಮಧ್ಯಾಹ್ನ ನಾನು ಒಳಗೆ ಊಟಕ್ಕೆ ಕೂತಿದ್ದೆ. ದುಡ್ಡಿನ ಗಲ್ಲಾದ ಹತ್ತಿರ ನಮ್ಮವರು. ಒಬ್ಬರು ವಯಸ್ಸಾದ ಹೆಂಗಸು ಬಂದು ರಬ್ಬರ್ ಗಿಡದ ಎಲೆಯನ್ನು ಬೆರಳಲ್ಲಿ ಮಡಚಿ ನೋಡುತ್ತಾ, ಬೋರ್ಡು ಓದಿ, ನೋಡುವುದಕ್ಕೆ ಮಾತ್ರವಾದರೆ ಇದರಿಂದ ಎಂತ ಪ್ರಯೋಜನ ಎಂದು ಕೇಳಿದರು. ನಮ್ಮವರು ಕುರ್ಚಿಯಿಂದ ಎದ್ದದ್ದು ನನಗೆ ಕೇಳಿಸಿತು.

"ಪ್ರಯೋಜನವಾ? ಚಂದ ಅಕ್ಕ, ಚಂದ! ಬಿಳಿ ಗೋಡೆಯ ಎದುರು ಈ ಕಪ್ಪು ಎಲೆ ಒಮ್ಮೆ ಇಟ್ಟು ನೋಡಿ. ಇಡೀ ಮನೆಗೇ ಒಂದು ಗತ್ತು ಬರ್ತದೆ. ಹಸಿರು ಎಲ್ಲಾ ಕಡೆಯೂ ಉಂಟು, ಇದು ಎಲ್ಲಿ ಸಿಗ್ತದೆ? ನನ್ನ ಹೆಂಡತಿಗೆ ಇದರ ಮೇಲೆ ಜೀವ. ಅವಳ ಕಣ್ಣು ಯಾವತ್ತೂ ತಪ್ಪುವುದಿಲ್ಲ."

ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. ಇಷ್ಟು ವರ್ಷದಲ್ಲಿ ಈ ಮನುಷ್ಯನ ಬಾಯಲ್ಲಿ ಇಂಥ ಮಾತು ಕೇಳಿದವಳೇ ಅಲ್ಲ ನಾನು. ಕಣ್ಣು ಒದ್ದೆಯಾಯಿತು.

ಆ ಹೆಂಗಸೂ ಎಲ್ಲವನ್ನೂ ಕೊನೆಯ ತನಕ ಶ್ರದ್ಧೆಯಿಂದ ಕೇಳಿಸಿಕೊಂಡು ತಲೆಯಾಡಿಸಿದರು.

"ಅದೆಲ್ಲ ಸರಿ ಅಣ್ಣ. ಇದಕ್ಕೆ ಹುಳಿ ಎಷ್ಟು ಹಾಕ್ಬೇಕು?"